ದುಬೈ ಮಾಮುವಿನ ನೋಟುಪುಸ್ತಕ

ಮಳೆಗಾಲ ಶುರುವಾಗಿ ವಾರವಾಗಿತ್ತು. ಹೊನ್ನಾವರದಿಂದ ಬಂದ ಅಣ್ಣನ ಮಗ ಚಹಾ ಕುಡಿಯುವ ಮೊದಲೇ ಕೇಳಿದ: "ಚಾಚಾ, ದುಬೈ ಮಾಮುವಿನ ಆ ಪುಸ್ತಕ ನಿಮ್ಮ ಹತ್ತಿರ ಇದೆಯಂತಲ್ಲ? ಅದನ್ನು ನನಗೆ ಕನ್ನಡದಲ್ಲಿ ಬರೆದುಕೊಡಿ."

ಅವನು ಕಾಸರಕೋಡಿನ ಟ್ರಾಲ್ ಬೋಟೊಂದರಲ್ಲಿ ಇಂಜಿನ್ ನೋಡಿಕೊಳ್ಳುತ್ತಾನೆ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಆ 61 ದಿನಗಳಲ್ಲೇ ಬೋಟುಗಳ ರಿಪೇರಿ ಮುಗಿಯಬೇಕು. ಹುಡುಗ ಓದಿದ್ದು ಕನ್ನಡ ಶಾಲೆಯಲ್ಲಿ, ಉರ್ದು ಓದಲು ಬಾರದು. ನಾನು ಏಳನೆಯವರೆಗೆ ಉರ್ದು ಶಾಲೆ, ಅಲ್ಲಿಂದ ಮುಂದೆ ಕನ್ನಡ. ಹಾಗಾಗಿಯೇ ಮಾಮು ತೀರಿಕೊಂಡ ಮೇಲೆ ಪುಸ್ತಕ ನನ್ನ ಪಾಲಿಗೆ ಬಂದಿತ್ತು. ಮೂರು ವರ್ಷ ನಾನದನ್ನು ಬಿಚ್ಚಿರಲಿಲ್ಲ.

2002ರಲ್ಲಿ, ನನಗೆ ಇಪ್ಪತ್ತೆರಡು ವರ್ಷವಾಗಿದ್ದಾಗ, ಅಬ್ಬಾ ಸಾಲ ಮಾಡಿ ನನ್ನನ್ನು ದುಬೈಗೆ ಕಳಿಸಿದರು. ಮಾಮು ಅಲ್ಲಿ ಶ್ರೀಮಂತರೊಬ್ಬರ ಮೋಟಾರು ವಿಹಾರನೌಕೆಯ ಮೆಕ್ಯಾನಿಕ್. ನಾನು ಅವರ ಹೆಲ್ಪರ್. ವಿಹಾರನೌಕೆ ಎಂದರೆ ಸಿನಿಮಾದಲ್ಲಿ ನೋಡಿದ ಬೆಳ್ಳಗಿನ ಅರಮನೆ ಎಂದುಕೊಂಡಿದ್ದೆ. ಮೇಲೆ ಅದು ನಿಜವೇ. ಆದರೆ ನಮ್ಮ ಪಾಲಿಗೆ ಬಂದದ್ದು ಹಾಲಿನ ನೆಲದ ಹಲಗೆ ಎತ್ತಿ ಇಳಿಯಬೇಕಾದ, ನೆಟ್ಟಗೆ ನಿಲ್ಲಲಾಗದ, ಕುಲುಮೆಯಂತೆ ಕಾಯುವ ಇಂಜಿನ್ ಕೋಣೆ. 42 ಅಡಿಯ ಆ ಬೋಟಿಗೆ ಆಗಲೇ ಹತ್ತೊಂಬತ್ತು ವರ್ಷ. ಎಡಕ್ಕೊಂದು ಬಲಕ್ಕೊಂದು, ಆರು ಸಿಲಿಂಡರಿನ ಡೀಸೆಲ್ ಇಂಜಿನ್.

"ಹಳೆಯ ಬೋಟು ಮುದುಕರಿದ್ದಂತೆ ಮಿಯಾ, ಒಂದೇ ಸಲಕ್ಕೆ ಬೀಳುವುದಿಲ್ಲ. ಮೊದಲೇ ಹತ್ತು ಸಲ ಹೇಳಿರುತ್ತದೆ. ನಾವು ಕೇಳಿರುವುದಿಲ್ಲ," ಎನ್ನುತ್ತಿದ್ದರು ಮಾಮು. ಅದು ಹೇಳಿದ್ದನ್ನೆಲ್ಲ ಅವರು ಬರೆದಿಡುತ್ತಿದ್ದರು. ಪುಟದ ಬಲಕ್ಕೆ 'ಬೀಮಾರಿ', ಎಡಕ್ಕೆ 'ಇಲಾಜ್'. ಅವರ ಕ್ರಮ ಒಂದೇ: ಮೊದಲು ಕಣ್ಣು, ಆಮೇಲೆ ಕೈ, ಕೊನೆಗೆ ಪಾನಾ.

ಹುಡುಗನಿಗಾಗಿ ಪುಟ ಪುಟವೇ ಕನ್ನಡಕ್ಕೆ ಇಳಿಸತೊಡಗಿದೆ. ಬೀಮಾರಿ: ಸ್ಟಾರ್ಟರ್ ತಿರುಗುವುದಿಲ್ಲ, ಟಕ್ ಎಂದು ನಿಲ್ಲುತ್ತದೆ. ಇಲಾಜ್: ಹೊಸ ಬ್ಯಾಟರಿ ತರಲು ಓಡಬೇಡ. ಪೂರ್ತಿ ಚಾರ್ಜಾದ ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್ ತೋರಿಸಬೇಕು. ತೋರಿಸಿದರೆ ತಪ್ಪು ಹೆಚ್ಚಾಗಿ ಬ್ಯಾಟರಿಯದಲ್ಲ, ಹಸಿರು ಕಿಲುಬು ಹಿಡಿದ ಟರ್ಮಿನಲ್ಲಿನದು ಅಥವಾ ಅರ್ಥ್ ವಯರಿನದು. ಬಿಚ್ಚು, ಉಜ್ಜು, ಬಿಗಿ ಮಾಡು.

ಬೀಮಾರಿ: ದಡದಲ್ಲಿ ಇಂಜಿನ್ ಚೆನ್ನಾಗಿ ಓಡುತ್ತದೆ, ಅಲೆಗೆ ಹೋದೊಡನೆ ಕುಂದಿ ಆರುತ್ತದೆ. ಇಲಾಜ್: ಟ್ಯಾಂಕಿನ ತಳ ನೋಡು. ಹಳೆಯ ಟ್ಯಾಂಕಿನಲ್ಲಿ ಡೀಸೆಲ್ ಕೆಳಗೆ ನೀರು ಕೂರುತ್ತದೆ. ನೀರೂ ಡೀಸೆಲ್ಲೂ ಸೇರುವಲ್ಲಿ ಪಾಚಿಯಂಥ ಲೋಳೆ ಬೆಳೆಯುತ್ತದೆ. ಬೋಟು ಕುಲುಕಿದಾಗ ಅದು ಎದ್ದು ಬಂದು ಫಿಲ್ಟರನ್ನು ಮುಚ್ಚುತ್ತದೆ. ನೀರು ಇಳಿಸು, ಫಿಲ್ಟರ್ ಬದಲಿಸು, ಕೈಪಂಪು ಒತ್ತಿ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆ. ನಿಲ್ಲಿಸಿಡುವ ಬೋಟಿನ ಟ್ಯಾಂಕು ತುಂಬಿರಲಿ, ಖಾಲಿ ಜಾಗದಲ್ಲೇ ಗಾಳಿಯ ತೇವ ನೀರಾಗಿ ಇಳಿಯುವುದು.

ಬೀಮಾರಿ: ಹೊಗೆ. ಕಪ್ಪಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಬಿಳಿಯಾದರೆ ಡೀಸೆಲ್ ಉರಿಯದೆ ಬರುತ್ತಿದೆ, ಇಲ್ಲವೆ ನೀರಿನ ಆವಿ.

ಬೀಮಾರಿ: ಫ್ಯಾನಿನ ಶಾಫ್ಟ್ ಹೊರಹೋಗುವಲ್ಲಿ ನೀರು ತೊಟ್ಟಿಕ್ಕುತ್ತದೆ. ಇಲಾಜ್: ಹಗ್ಗದ ಪ್ಯಾಕಿಂಗ್ ಇರುವ ಗ್ಲಾಂಡಿನಲ್ಲಿ ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ತೊಟ್ಟು ಬೀಳಲೇಬೇಕು, ಅದೇ ಅದರ ತಂಪು. ಪೂರ್ತಿ ಒಣಗುವಂತೆ ಬಿಗಿದರೆ ಶಾಫ್ಟ್ ಕಾದು ಸವೆಯುತ್ತದೆ.

ಹೀಗೆ ನಾಲ್ಕು ದಿನ ಬರೆದೆ. ಐದನೆಯ ದಿನ ನಾನು ಹೆದರುತ್ತಿದ್ದ ಪುಟ ಬಂತು.

ಇಂಜಿನ್ನಿನ ಒಳಗೆ ಸುತ್ತುವುದು ಸಿಹಿನೀರು. ಅದನ್ನು ತಣಿಸುವುದು ಸಮುದ್ರದ ನೀರು. ಬೋಟಿನ ತಳದ ವಾಲ್ವಿನಿಂದ ಬಂದು, ಸ್ಟ್ರೇನರಿನ ಬುಟ್ಟಿಯಲ್ಲಿ ಕಸ ಬಿಟ್ಟು, ಪಂಪು ದಾಟಿ, ಸಿಹಿನೀರಿನ ಬಿಸಿ ಹೊತ್ತುಕೊಂಡು, ಕಡೆಗೆ ಹೊಗೆಯ ಜೊತೆ ಹೊರಗೆ ಉಗುಳಿಕೊಳ್ಳುತ್ತದೆ. ಬೇಸಿಗೆಯಲ್ಲಿ ಅಲ್ಲಿಯ ಕಡಲಿನ ನೀರೇ 32-33 ಡಿಗ್ರಿ ಇರುವುದರಿಂದ ಕಸ ಸ್ವಲ್ಪ ಕಟ್ಟಿದರೂ ಇಂಜಿನ್ ಕಾಯುತ್ತದೆ. ವಾರಕ್ಕೊಮ್ಮೆ ಆ ಬುಟ್ಟಿ ತೊಳೆಯುವುದು ನನ್ನ ಕೆಲಸ. ತೊಳೆಯುವಾಗ ವಾಲ್ವ್ ಮುಚ್ಚಬೇಕು, ಇಲ್ಲವಾದರೆ ಸಮುದ್ರ ಒಳಗೇ ಬರುತ್ತದೆ. ತೊಳೆದ ಮೇಲೆ ತೆರೆಯಬೇಕು.

ಅಂದು ಗುರುವಾರ ಸಂಜೆ ಮಾಮು ಸಾಮಾನು ತರಲು ಶಾರ್ಜಾಕ್ಕೆ ಹೋಗಿದ್ದರು. ನಾನು ಎಡ ಇಂಜಿನ್ನಿನ ಬುಟ್ಟಿ ತೊಳೆದೆ. ಅಷ್ಟರಲ್ಲಿ ಊರಿನಿಂದ ಫೋನ್ ಬಂದಿದೆ ಎಂದು ಯಾರೋ ಕೂಗಿದರು. ಮೇಲೆ ಓಡಿದವನು ಮತ್ತೆ ಕೆಳಗಿಳಿಯಲಿಲ್ಲ.

ಶುಕ್ರವಾರ ಬೆಳಗ್ಗೆ ಅತಿಥಿಗಳನ್ನು ಕೂರಿಸಿಕೊಂಡು ಬೋಟು ಹೊರಟಿತು. ಜೆಟ್ಟಿ ದಾಟಿ ಸ್ವಲ್ಪ ಹೊತ್ತಿಗೇ ಅಲಾರಂ ಕೂಗಿತು. ಒಂದೇ ಇಂಜಿನ್ನಿನಲ್ಲಿ ಕುಂಟುತ್ತ ಮರಳಿದೆವು. ಮ್ಯಾನೇಜರ್ ಕೇಳಿದ: "ಕಡೆಯದಾಗಿ ಕೆಳಗೆ ಹೋದವರು ಯಾರು?" ನೆಲ ಒರೆಸಲು ಬೆಳಗ್ಗೆ ಇಳಿದವನು ಮಲಬಾರಿನ ಒಬ್ಬ ಹುಡುಗ, ನನಗಿಂತ ಚಿಕ್ಕವನು. ತಾನು ಯಾವುದನ್ನೂ ಮುಟ್ಟಿಲ್ಲವೆಂದು ಅವನು ಹೇಳುತ್ತಲೇ ಇದ್ದ. ಹತ್ತು ದಿನದ ಸಂಬಳ ಕಡಿದರು. ನಾನು ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದೆ. ಅಬ್ಬಾನ ಸಾಲ ನೆನಪಾಯಿತು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜವೆಂದರೆ ಆಗ ಏನೂ ನೆನಪಾಗಲಿಲ್ಲ, ಬರೀ ಹೆದರಿಕೆ.

ಮಾಮು ಕೆಳಗಿಳಿದು ಮೊದಲು ವಾಲ್ವ್ ನೋಡಿದರು. ಹಿಡಿ ಪೈಪಿಗೆ ಅಡ್ಡವಾಗಿತ್ತು, ಎಂದರೆ ಮುಚ್ಚಿತ್ತು. ಆಮೇಲೆ ಸ್ಟ್ರೇನರಿನ ಮುಚ್ಚಳ ಬಿಚ್ಚಿದರು. ಬುಟ್ಟಿ ತೊಳೆದ ತಟ್ಟೆಯಂತೆ ಹೊಳೆಯುತ್ತಿತ್ತು. ಅದನ್ನು ಬೆಳಕಿಗೆ ಹಿಡಿದು ಒಂದು ಕ್ಷಣ ನೋಡಿ, ಏನೂ ಹೇಳದೆ ತಿರುಗಿ ಇಟ್ಟರು.

ಪಂಪಿನ ಒಳಗಿನ ರಬ್ಬರಿನ ಇಂಪೆಲ್ಲರಿಗೆ ನೀರೇ ಎಣ್ಣೆ. ಒಣಗಿ ತಿರುಗಿದರೆ ನಿಮಿಷಗಳಲ್ಲಿ ಅದರ ಎಸಳುಗಳು ಹರಿದು ಹೋಗುತ್ತವೆ. ಹತ್ತು ಎಸಳುಗಳಲ್ಲಿ ಆರು ಕಿತ್ತು ಹೋಗಿದ್ದವು. ಹೊಸ ಇಂಪೆಲ್ಲರ್ ಹಾಕಲು ಹತ್ತು ನಿಮಿಷ ಸಾಕು. ಆದರೆ ಮಾಮು ಹಾಕಲಿಲ್ಲ. ಹರಿದ ಚೂರುಗಳನ್ನು ಹುಡುಕಿ ಬಟ್ಟೆಯ ಮೇಲೆ ಜೋಡಿಸತೊಡಗಿದರು. ಐದು ಸಿಕ್ಕವು. "ಒಂದು ಒಳಗಿದೆ. ಅದನ್ನು ಬಿಟ್ಟು ಮುಚ್ಚಿದರೆ ಇಂದು ಓಡುತ್ತದೆ, ನಾಳೆ ನೀರಿನ ದಾರಿ ಕಟ್ಟುತ್ತದೆ," ಎಂದರು. ಇಶಾ ನಮಾಝಿನ ಹೊತ್ತು ಕಳೆದ ಮೇಲೆ ಹೀಟ್ ಎಕ್ಸ್‌ಚೇಂಜರಿನ ಕೊಳವೆಯ ಬಾಯಲ್ಲಿ ಆರನೆಯದು ಸಿಕ್ಕಿತು. ಅಷ್ಟು ಹೊತ್ತೂ ನಾನು ಟಾರ್ಚ್ ಹಿಡಿದಿದ್ದೆ. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಹೇಳಲಿಲ್ಲ.

ಮರುದಿನದಿಂದ ಮಾಮು ಹೊಸ ನಿಯಮ ತಂದರು. ವಾಲ್ವ್ ಮುಚ್ಚುವವನು ಮೊದಲು ಇಂಜಿನ್ನಿನ ಕೀ ತೆಗೆದು ವಾಲ್ವಿನ ಹಿಡಿಗೆ ಕಟ್ಟಬೇಕು. ವಾಲ್ವಿನ ಹತ್ತಿರ ಹೋಗದೆ ಯಾರೂ ಇಂಜಿನ್ ಚಾಲೂ ಮಾಡಲಾಗದು. ಯಾರ ಹೆಸರನ್ನೂ ಎತ್ತಲಿಲ್ಲ, ಯಾರನ್ನೂ ಬೈಯಲಿಲ್ಲ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ ಆ ಪುಟ ಓದಿದೆ. ಬಲಕ್ಕೆ: ಎಡ ಇಂಜಿನ್ ಕಾದಿತು, ವಾಲ್ವ್ ಮುಚ್ಚಿತ್ತು, ಬುಟ್ಟಿ ತೊಳೆದವನು ತೆರೆದಿಲ್ಲ. ಎಡಕ್ಕೆ: ಹೊಸ ಇಂಪೆಲ್ಲರ್, ಚೂರು ಆರೂ ಸಿಕ್ಕವು, ಕೀ ವಾಲ್ವಿಗೆ. ಅದರ ಕೆಳಗೆ ಬೇರೆ ಶಾಯಿಯಲ್ಲಿ ಎರಡು ಸಾಲು: ಹುಡುಗನಿಗೆ ಹತ್ತು ದಿನದ ಹಣ ನಾನು ಕೊಟ್ಟೆ. ಭಾಂಜಾ ಇನ್ನೂ ಹೇಳಿಲ್ಲ.

'ಇನ್ನೂ' ಎಂಬ ಆ ಮಾತಿನ ಮುಂದೆ ಬಹಳ ಹೊತ್ತು ಕೂತೆ. ಇವನು ಒಂದಲ್ಲ ಒಂದು ದಿನ ಹೇಳುತ್ತಾನೆ ಎಂದು ಅವರು ನಂಬಿದ್ದರು. ನಾವಿಬ್ಬರೂ ಊರಿಗೆ ಮರಳಿದ ಮೇಲೆ ಎಷ್ಟು ಈದ್‌ಗಳಲ್ಲಿ ಎದುರುಬದುರು ಕೂತು ಶೀರ್‌ಖುರ್ಮಾ ಕುಡಿದಿದ್ದೇವೆ! ಅವರು ಒಮ್ಮೆಯೂ ಕೇಳಲಿಲ್ಲ. ನಾನು ಕಥೆಗಳನ್ನು ಬರೆದೆ, ಊರಿನವರ ತಪ್ಪುಗಳನ್ನೆಲ್ಲ ಕಥೆ ಮಾಡಿದೆ, ಇದೊಂದನ್ನು ಬಿಟ್ಟು.

ಆ ಎರಡು ಸಾಲನ್ನು ಬಿಟ್ಟೇ ಕನ್ನಡಕ್ಕೆ ಇಳಿಸಬಹುದಿತ್ತು. ಹುಡುಗನಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಐದು ಚೂರು ಸಿಕ್ಕಿತೆಂದು ಪಂಪು ಮುಚ್ಚಿದ ಹಾಗಾಗುತ್ತಿತ್ತು. ಎರಡೂ ಸಾಲು ಬರೆದು, ಕೆಳಗೆ ನನ್ನದೊಂದು ಸಾಲು ಸೇರಿಸಿದೆ: ಬುಟ್ಟಿ ತೊಳೆದವನು ನಾನು.

ಹುಡುಗ ಓದಿ ಸುಮ್ಮನಿದ್ದ. ಆಮೇಲೆ ಕೇಳಿದ: "ಆ ಮಲಬಾರಿಯವನು ಈಗ ಎಲ್ಲಿದ್ದಾನೆ ಚಾಚಾ?"

ಗೊತ್ತಿಲ್ಲ ಎಂದೆ. ಅವನ ಹಣವನ್ನು ಮಾಮು ತೀರಿಸಿದ್ದಾರೆ. ಅವನಿಂದ ಕೇಳಬೇಕಾದ ಮಾಫಿ ಮಾತ್ರ ನನ್ನ ಲೆಕ್ಕದಲ್ಲೇ ಉಳಿದಿದೆ.