ಬಂದ ಕಾರಣ

ಆ ಲಾಡ್ಜಿನ ರಿಜಿಸ್ಟರಿನಲ್ಲಿ ಎಂಟು ಕಾಲಂ ಇದ್ದವು. ಕೆಂಪು ಬಟ್ಟೆಯ ಬೈಂಡು ಹಾಕಿದ, ಮೇಜಿನ ಅರ್ಧ ತುಂಬುವಷ್ಟು ದೊಡ್ಡ ಪುಸ್ತಕ. ಹೆಸರು, ಊರು, ಎಷ್ಟು ಜನ ಅನ್ನುವುದನ್ನೆಲ್ಲ ದಾಟಿ ಆರನೇ ಕಾಲಮ್ಮಿಗೆ ಬಂದಾಗ ಅಪ್ಪಯ್ಯ ಒಂದು ಗಳಿಗೆ ಪೆನ್ನು ಎತ್ತುತ್ತಿದ್ದ. ಅಲ್ಲಿ ‘ಬಂದ ಕಾರಣ’ ಎಂದು ಅಚ್ಚಾಗಿತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಅವನು; ಒಂದೊಂದು ಅಕ್ಷರವನ್ನೂ ಸಸಿ ನೆಟ್ಟ ಹಾಗೆ ಒತ್ತಿ ಬರೆಯುತ್ತಿದ್ದ. ಏಳು ವರ್ಷ ಆ ಕಾಲಮ್ಮಿನಲ್ಲಿ ಅವನು ಬರೆದದ್ದು ಒಂದೇ ಶಬ್ದ: ಕೋರ್ಟು.

ಬೆಂಗಳೂರಿನ ಗಾಂಧಿನಗರದ ಒಂದು ಅಡ್ಡರಸ್ತೆಯಲ್ಲಿತ್ತು ಆ ಲಾಡ್ಜು. ನಮ್ಮ ಕಡೆ ಹೋಟೆಲೆಂದರೆ ತಿನ್ನುವ ಜಾಗ, ಲಾಡ್ಜೆಂದರೆ ಮಲಗುವ ಜಾಗ. ಇದು ಎರಡೂ ಆಗಿತ್ತು. ಕೆಳಗೆ ಊಟ, ಮೇಲೆ ಮಂಚ. ಎರಡು ಮಹಡಿ, ಕೆಂಪು ಗಾರೆಯ ಮೆಟ್ಟಿಲು, ಹತ್ತಿ ಇಳಿದವರ ಕಾಲಿಗೆ ಸವೆದು ಪ್ರತಿ ಮೆಟ್ಟಿಲಿನ ನಡುವೆಯೂ ಒಂದು ತಗ್ಗು. ನಮಗೆ ಯಾವಾಗಲೂ ಹದಿನಾಲ್ಕನೇ ನಂಬರಿನ ರೂಮು. ದಿನಕ್ಕೆ 18 ರೂಪಾಯಿ.

ನಾನು ಮೊದಲ ಸಲ ಹೋದದ್ದು 1981ರಲ್ಲಿ, ಹನ್ನೊಂದನೇ ವಯಸ್ಸಿಗೆ. ಸಾಗರದಲ್ಲಿ ರಾತ್ರಿ ಬಸ್ಸು ಹತ್ತಿದರೆ ಶಿವಮೊಗ್ಗ, ತರೀಕೆರೆ, ಅರಸೀಕೆರೆ, ತುಮಕೂರು ಎಂದು ಮೈಯೆಲ್ಲ ಜಜ್ಜಿಸಿಕೊಂಡು ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಇಳಿಯುವುದು. ಆ ಬಸ್‌ಸ್ಟ್ಯಾಂಡು ಇರುವುದು ಒಂದು ಕಾಲಕ್ಕೆ ಊರಿಗೇ ನೀರು ಕೊಟ್ಟ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ ಎಂದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ. ಅವತ್ತು ಕಂಡದ್ದು ಡೀಸೆಲ್ ಹೊಗೆ, ಕೂಗು, ನೆಲದ ಮೇಲೆ ಸಾಲಾಗಿ ಮಲಗಿದ ಜನ. ಅಪ್ಪಯ್ಯ ಒಂದು ಕೈಯಲ್ಲಿ ಕಾಗದ ಪತ್ರದ ಚೀಲ, ಇನ್ನೊಂದರಲ್ಲಿ ನನ್ನ ಕೈ ಹಿಡಿದಿದ್ದ. ಎರಡನ್ನೂ ಒಂದೇ ಬಿಗಿಯಲ್ಲಿ ಹಿಡಿದಿದ್ದ.

ಲಾಡ್ಜಿನ ಬಾಗಿಲು ಅರ್ಧ ತೆರೆದಿತ್ತು. ಮೇಜಿನ ಹಿಂದೆ ಬಿಳಿ ಅರ್ಧ ತೋಳಿನ ಅಂಗಿಯ, ಹಣೆಗೆ ಗಂಧ ಇಟ್ಟ ಮ್ಯಾನೇಜರು. ಅಪ್ಪಯ್ಯನನ್ನು ನೋಡಿದ್ದೇ ಎದ್ದು ನಿಂತರು. ಪಕ್ಕದ ಬೆತ್ತದ ಕುರ್ಚಿಯನ್ನು ತಾವೇ ಎಳೆದು, ಕುಂದಾಪುರದ ಮಾತಿನಲ್ಲಿ, “ಹ್ವಾಯ್, ಬನ್ನಿ. ಕೂಕಣಿ” ಅಂದರು. ರಿಜಿಸ್ಟರು ತೆಗೆಯಲಿಲ್ಲ, ದುಡ್ಡು ಕೇಳಲಿಲ್ಲ. ಒಳಗಿನಿಂದ ಮಾಣಿ ಎರಡು ಲೋಟ ಕಾಫಿ ತಂದ. ನನ್ನದರಲ್ಲಿ ಹಾಲೇ ಜಾಸ್ತಿ ಇತ್ತು. ಅಪ್ಪಯ್ಯ ಕುರ್ಚಿಯಲ್ಲಿ ಕೂತ.

ಅಪ್ಪಯ್ಯ ಕುರ್ಚಿಯಲ್ಲಿ ಕೂತ ಅನ್ನುವುದನ್ನು ಒಂದು ಸಂಗತಿಯಾಗಿ ಏಕೆ ಬರೆಯುತ್ತಿದ್ದೇನೆಂದು ಹೇಳಬೇಕು. ನಾವು ಗೇಣಿ ಒಕ್ಕಲು. ಒಡೆಯರ ಮನೆಗೆ ಹೋದರೆ ಅಂಗಳದಲ್ಲಿ ನಿಲ್ಲಬೇಕು. ಜಗಲಿಯ ಮೇಲೆ ಅವರು ಕವಳ ಹಾಕುತ್ತ ಕೂತಿರುತ್ತಿದ್ದರು, ನಾವು ಅಡಿಕೆ ಚಪ್ಪರದ ಕಂಬ ಹಿಡಿದು ನಿಂತಿರುತ್ತಿದ್ದೆವು. ಯಾರೂ ಬೈಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಕೂರು ಅನ್ನುತ್ತಲೂ ಇರಲಿಲ್ಲ. ಕಾಗೋಡು ನಮ್ಮ ತಾಲೂಕಿನದೇ ಊರು. 1951ರಲ್ಲಿ ಅಲ್ಲಿ ಒಕ್ಕಲುಗಳು ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ಮೇಲೆ ತಕರಾರು ತೆಗೆದು ಸತ್ಯಾಗ್ರಹ ಹೂಡಿದಾಗ, ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದಾಗ, ಅಪ್ಪಯ್ಯ ಹುಡುಗ. ಆಮೇಲೆ ದೇವರಾಜ ಅರಸರ ಕಾಲದಲ್ಲಿ ‘ಉಳುವವನೇ ಹೊಲದೊಡೆಯ’ ಎಂದಾಯಿತು. 1974ರ ಮಾರ್ಚ್ 1ರಿಂದ ತಿದ್ದುಪಡಿ ಕಾನೂನು ಜಾರಿಗೆ ಬಂತು. ಅಪ್ಪಯ್ಯನೂ ಎಲ್ಲರಂತೆ ಡಿಕ್ಲರೇಷನ್ ಕೊಟ್ಟ. ಟ್ರಿಬ್ಯೂನಲ್ಲಿನಲ್ಲಿ ನಮ್ಮ ಕಡೆ ಆಯಿತು. ಒಡೆಯರು ಹೈಕೋರ್ಟಿಗೆ ರಿಟ್ ಹಾಕಿದರು. ಅಲ್ಲಿಂದ ವಾಪಸ್ಸು ಟ್ರಿಬ್ಯೂನಲ್ಲಿಗೆ, ಮತ್ತೆ ನಮ್ಮ ಕಡೆ, ಮತ್ತೆ ರಿಟ್. ಎರಡು ಎಕರೆ ಹತ್ತು ಗುಂಟೆ ಗದ್ದೆಗೆ 1979ರಿಂದ 1985ರವರೆಗೆ ವಾಯಿದೆಯ ಮೇಲೆ ವಾಯಿದೆ.

ವಾಯಿದೆಯ ಹಿಂದಿನ ರಾತ್ರಿಗಳಲ್ಲಿ ಮನೆಯಲ್ಲಿ ಅಪ್ಪಯ್ಯ ನಿದ್ದೆ ಮಾಡುತ್ತಿರಲಿಲ್ಲ. ಕೊಟ್ಟಿಗೆಗೆ ಹೋಗುವನು, ಬರುವನು, ಬೀಡಿ ಹಚ್ಚುವನು, ಕಂದೀಲು ಹಿಡಿದು ಗದ್ದೆಯ ಅಂಚಿನವರೆಗೆ ಹೋಗಿ ನಿಲ್ಲುವನು. ಅಮ್ಮ ಒಳಗೆ ಎಚ್ಚರವಾಗಿಯೇ ಇರುತ್ತಿದ್ದಳು. ಅಂಥವನು ಆ ಹದಿನಾಲ್ಕನೇ ನಂಬರಿನ ರೂಮಿನಲ್ಲಿ ಮಲಗಿದ ಕೂಡಲೇ ನಿದ್ದೆ ಹೋದದ್ದನ್ನು ನಾನು ಕಣ್ಣಾರೆ ನೋಡಿದೆ. ಹೆದರಿಕೆಯಾಯಿತು. ಅಪ್ಪಯ್ಯ ಅಷ್ಟು ನಿಶ್ಚಿಂತೆಯಿಂದ ಮಲಗಿದ್ದನ್ನು ಅದುವರೆಗೆ ನಾನು ಕಂಡಿರಲಿಲ್ಲ. ಉಸಿರಾಡುತ್ತಿದ್ದಾನೋ ಇಲ್ಲವೋ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡಿದೆ.

ರೂಮಿನಲ್ಲಿ ಇದ್ದದ್ದೇನು? ಎರಡು ಕಬ್ಬಿಣದ ಮಂಚ, ಹತ್ತಿಯ ಹಾಸಿಗೆ, ಮೂಲೆಯಲ್ಲಿ ಅಗಸರ ಗುರುತಿನ ಶಾಯಿ ಇದ್ದ ಬಿಳಿ ಚಾದರ. ಚಾದರಕ್ಕೆ ಬಿಸಿಲಿನ ವಾಸನೆ ಇತ್ತು. ಸಾಗರದ ಮಳೆಗಾಲದಲ್ಲಿ ಆರು ತಿಂಗಳು ಮಸಿ ಹಿಡಿದ ಕಂಬಳಿ ಹೊದೆಯುವ ನಮಗೆ ಅದೇ ಒಂದು ಸುಖ. ಗೋಡೆಗೆ ಹೊಡೆದ ಮೂರು ಮೊಳೆ, ಅಂಗಿ ತೂಗಲು. ಹಿತ್ತಾಳೆಯ ಹೂಜಿ, ಅದರ ಬಾಯಿಗೆ ಕವುಚಿದ ಲೋಟ. ಕಿಟಕಿ ತೆರೆದರೆ ರಸ್ತೆ. ರಾತ್ರಿ ಸೆಕೆಂಡ್ ಶೋ ಬಿಟ್ಟಾಗ ಆ ಸುತ್ತಿನ ಟಾಕೀಸುಗಳಿಂದ ಜನ ಹೊಳೆಯ ಹಾಗೆ ಹರಿದು ಬರುತ್ತಿದ್ದರು, ಮಾತು ಎತ್ತರಕ್ಕೆ ಏರಿ ಆಮೇಲೆ ತಗ್ಗಿ ಹೋಗುತ್ತಿತ್ತು. ಬೆಳಿಗ್ಗೆ ಐದೂವರೆಗೆ ಬಾಗಿಲ ಮೇಲೆ ಎರಡೇ ಎರಡು ಸಲ ತಟ್ಟಿ ಮಾಣಿ ಹೇಳುತ್ತಿದ್ದ: ಬಿಸಿನೀರು. ತಾಮ್ರದ ಹಂಡೆಯಿಂದ ತೋಡಿ ತಂದ, ಹೊಗೆಯ ವಾಸನೆಯ ಒಂದು ಬಕೆಟ್ ನೀರು ಬಾಗಿಲ ಹೊರಗೆ ಇರುತ್ತಿತ್ತು.

ಇಷ್ಟೇ. ಇದಕ್ಕಿಂತ ಎಷ್ಟೋ ಒಳ್ಳೆಯ ರೂಮುಗಳಲ್ಲಿ ಆಮೇಲೆ ನಾನು ಮಲಗಿದ್ದೇನೆ. ತಣ್ಣಗೆ ಗಾಳಿ ಬರುವ, ಹಾಸಿಗೆ ಮೈಯನ್ನು ನುಂಗುವಂಥ ರೂಮುಗಳು. ಅಲ್ಲಿ ನನಗೆ ಆರಾಮ ಸಿಕ್ಕಿದೆ, ಸುಳ್ಳು ಹೇಳಲಾರೆ. ಆದರೆ ದಣಿವು ಆರುವುದು ಬೇರೆ, ಜೀವ ತಣಿಯುವುದು ಬೇರೆ. ಅಪ್ಪಯ್ಯನಿಗೆ ಆ ನಿದ್ದೆ ಬಂದದ್ದು ಮೇಲಿನ ಮಂಚದಿಂದಲ್ಲ, ಕೆಳಗಿನ ಕುರ್ಚಿಯಿಂದ ಎಂದು ನಾನು ನಂಬಿದ್ದೇನೆ.

ಬೆಳಿಗ್ಗೆ ಇಡ್ಲಿ ತಿಂದು, ಗಾಂಧಿನಗರದಿಂದ ಕಬ್ಬನ್ ಪಾರ್ಕಿನವರೆಗೆ ನಡೆದೇ ಹೋಗುವುದು. ಅಠಾರಾ ಕಚೇರಿ ಆ ಕೆಂಪು ಬಣ್ಣ ಹೊತ್ತು 1868ರಿಂದ ನಿಂತಿದೆ, ಹೈಕೋರ್ಟು ಕೂರುವುದು ಅಲ್ಲೇ. ಅಪ್ಪಯ್ಯ ಕಂಬದ ಪಕ್ಕ ನಿಂತು ಇಡೀ ದಿನ ಹೆಸರು ಕರೆಯುವುದನ್ನು ಕಾಯುತ್ತಿದ್ದ. ಹೆಚ್ಚಿನ ಸಲ ಕರೆಯುತ್ತಿರಲಿಲ್ಲ. ವಕೀಲರು ಸಂಜೆ ಮುಂದಿನ ತಾರೀಕು ಹೇಳುತ್ತಿದ್ದರು. ಸೋತವನ ಹಾಗೆ ಲಾಡ್ಜಿಗೆ ವಾಪಸ್ಸು ಬಂದರೆ ಮ್ಯಾನೇಜರು “ಏನಾಯ್ತು?” ಎಂದು ಕೇಳುತ್ತಿರಲಿಲ್ಲ. ಮುಖ ನೋಡಿ ಒಳಗೆ ಕೂಗಿ ಹೇಳುತ್ತಿದ್ದರು: “ಹದಿನಾಲ್ಕಕ್ಕೆ ಎರಡೆಲೆ ಹಾಕಿ.” ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ತಿಳಿಸಾರು, ಮಜ್ಜಿಗೆ. ಬಡಿಸುವಾಗ ಅವರೇ ಬಂದು ನಿಲ್ಲುತ್ತಿದ್ದರು. ಬಸ್ಸಿಗೆ ಹೊತ್ತಿದ್ದರೆ ರೂಮು ಬಿಟ್ಟ ಮೇಲೂ ಆ ಬೆತ್ತದ ಕುರ್ಚಿ ನಮ್ಮದೇ.

ಆ ಸುತ್ತಿನಲ್ಲಿ ಪರವೂರಿನವರಿಗೆ ಜಾಗ ಕೊಡುವುದು ಹೊಸತೇನಲ್ಲ. ರೈಲ್ವೆ ಸ್ಟೇಷನ್ನಿನ ಎದುರಿಗೆ ಗುಬ್ಬಿ ತೋಟದಪ್ಪನವರ ಧರ್ಮಛತ್ರ 1903ರಿಂದ ಬಾಗಿಲು ತೆರೆದು ಕೂತಿದೆ. ಛತ್ರದ ಪುಣ್ಯ ಬೇರೆ, ಲಾಡ್ಜಿನ ವ್ಯವಹಾರ ಬೇರೆ ಅನ್ನುತ್ತಾರೆ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಹೋಟೆಲಿನವರು ಇವೆರಡರ ನಡುವಿನ ಒಂದು ದಾರಿ ಕಂಡುಕೊಂಡರು ಅನಿಸುತ್ತದೆ. ಅವರ ಮೊದಲಿನ ಹೋಟೆಲುಗಳಲ್ಲಿ ಎಲ್ಲರಿಗೂ ಒಂದೇ ಪಂಕ್ತಿ ಇರಲಿಲ್ಲ ಅನ್ನುವುದೂ ನಿಜ. ಇವತ್ತು ಲಾಲ್‌ಬಾಗಿನ ಹತ್ತಿರ ಜನ ಸಾಲು ಹಚ್ಚಿ ನಿಲ್ಲುವ ಎಂಟಿಆರ್ 1924ರಲ್ಲಿ ಶುರುವಾದದ್ದು ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ನನ್ನ ಅಜ್ಜ ಆ ಕಾಲದಲ್ಲಿ ಬೆಂಗಳೂರಿಗೆ ಬಂದಿದ್ದರೆ ಎಲ್ಲಿ ಕೂತು ಕಾಫಿ ಕುಡಿಯುತ್ತಿದ್ದನೋ. ಅವನು ಬರಲಿಲ್ಲ. ಮಗ ಬಂದ, ಬರುವ ಹೊತ್ತಿಗೆ ಒಬ್ಬರು ಕುರ್ಚಿ ಎಳೆದು ಕೊಡುವವರಿದ್ದರು.

1985ರ ಮಳೆಗಾಲ ಮುಗಿಯುವಾಗ ರಿಟ್ ವಜಾ ಆಯಿತು. ಗದ್ದೆ ನಮ್ಮದಾಯಿತು. ಆ ವರ್ಷದ ಹೊಸ ಅಕ್ಕಿಯಲ್ಲಿ ಅರ್ಧ ಮೂಟೆ ಕಟ್ಟಿಸಿ ಅಪ್ಪಯ್ಯ ಸಂಕ್ರಾಂತಿಯ ಮುಂಚೆ ಬೆಂಗಳೂರಿಗೆ ಹೊರಟ. ನಾನೂ ಹೋದೆ. ಬೆಳಗಿನ ಜಾವ ಮೂಟೆಯನ್ನು ಮೇಜಿನ ಪಕ್ಕ ಇಳಿಸಿ, “ನಮ್ಮ ಗದ್ದೇದು” ಅಂದ. ಅಷ್ಟು ಹೇಳುವಾಗ ಅವನ ದನಿ ಒಡೆಯಿತು.

ಮ್ಯಾನೇಜರು ಮೂಟೆಯ ಬಾಯಿ ಬಿಚ್ಚಿ ಒಂದು ಹಿಡಿ ಅಕ್ಕಿ ತೆಗೆದರು. ಅಂಗೈಯಲ್ಲಿ ಹರಡಿದರು, ಮೂಸಿದರು, ಎರಡು ಕಾಳು ಬಾಯಿಗೆ ಹಾಕಿಕೊಂಡು ಕಡಿದರು. ಅಕ್ಕಿಯನ್ನು ಹಾಗೆ ನೋಡುವವರು ಗದ್ದೆ ಕಂಡವರು ಮಾತ್ರ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ನಮ್ಮನೆಗೂ ಹೀಂಗೇ ಬರ್ತಿತ್ತು. ಅಂಗಳದ ತುಂಬ ಮುಡಿ. ಎಪ್ಪತ್ನಾಲ್ಕರಲ್ಲಿ ಎಲ್ಲ ಒಕ್ಕಲಿಗೆ ಹೋಯ್ತು.”

ಆಗ ನನಗೆ ಹದಿನೈದು. ಅರ್ಥವಾಗುವಷ್ಟು ದೊಡ್ಡವನಾಗಿದ್ದೆ. ಯಾವ ಕಾನೂನು ನಮಗೆ ಗದ್ದೆ ಕೊಟ್ಟಿತೋ ಅದೇ ಕಾನೂನು ಅವರನ್ನು ಘಟ್ಟ ಹತ್ತಿಸಿ ಸಂಬಂಧಿಕರ ಲಾಡ್ಜಿನ ಮೇಜಿನ ಹಿಂದೆ ಕೂರಿಸಿತ್ತು. ಕೇಸು ಯಾವುದೆಂದು ಅಪ್ಪಯ್ಯ ಮೊದಲ ರಾತ್ರಿಯೇ ಅವರಿಗೆ ಹೇಳಿದ್ದ. ಏಳು ವರ್ಷ ಅದನ್ನು ಬಲ್ಲವರಾಗಿಯೇ ಅವರು ಎದ್ದು ನಿಂತದ್ದು, ಕುರ್ಚಿ ಎಳೆದದ್ದು, ಎರಡೆಲೆ ಹಾಕಿಸಿದ್ದು. ಅಪ್ಪಯ್ಯ ಕುರ್ಚಿಯಿಂದ ಎದ್ದುಬಿಟ್ಟ. ಗರ ಬಡಿದ ಹಾಗೆ ನಿಂತ. “ತಪ್ಪಾಯ್ತು, ಗೊತ್ತಿರಲಿಲ್ಲ” ಅಂದ. ಮ್ಯಾನೇಜರು ಅವನ ಭುಜ ಒತ್ತಿ ಮತ್ತೆ ಕೂರಿಸಿದರು. “ಗೈದವ ನೀವು. ನಾ ಒಂದು ದಿನ ಗದ್ದೆಗೆ ಇಳ್ದವ ಅಲ್ಲ. ಕೂಕಣಿ.”

ರಿಜಿಸ್ಟರು ಬಂತು. ಆರನೇ ಕಾಲಮ್ಮಿನಲ್ಲಿ ಅಪ್ಪಯ್ಯನ ಪೆನ್ನು ನಿಂತಿತು. ಕೋರ್ಟು ಮುಗಿದಿತ್ತು. ಮ್ಯಾನೇಜರು ಪೆನ್ನು ಈಸಿಕೊಂಡು ತಮ್ಮ ಅಕ್ಷರದಲ್ಲಿ ‘ಅಕ್ಕಿ’ ಎಂದು ಬರೆದರು.

ಆಮೇಲೆ ಪ್ರತಿ ಜನವರಿಯಲ್ಲಿ ಅಪ್ಪಯ್ಯ ಹೋಗುತ್ತಿದ್ದ. ಬೇರೆ ಕೆಲಸ ಇರುತ್ತಿರಲಿಲ್ಲ. ಒಂದು ರಾತ್ರಿ ಮಲಗಿ, ಮಾರನೆಯ ದಿನ ಸಂಜೆಯವರೆಗೆ ಆ ಕುರ್ಚಿಯಲ್ಲಿ ಕೂತು, ರಾತ್ರಿ ಬಸ್ಸಿಗೆ ವಾಪಸ್ಸು. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲವಂತೆ. ಮಳೆ, ಅಡಿಕೆ ಧಾರಣೆ, ಮಕ್ಕಳು.

2001ರಲ್ಲಿ ಅಪ್ಪಯ್ಯ ತೀರಿಕೊಂಡ. ಮರು ಜನವರಿ ನಾನೇ ಮೂಟೆ ಹೊತ್ತು ಹೋದೆ. ಬೋಳಿಸಿದ ತಲೆಯಲ್ಲಿ ಆಗಷ್ಟೇ ಕೂದಲು ಬರುತ್ತಿತ್ತು. ಮ್ಯಾನೇಜರಿಗೆ ಎಲ್ಲ ತಿಳಿಯಿತು. ಎದ್ದರು, ಕುರ್ಚಿ ಎಳೆದರು, ಆಮೇಲೆ ಮೇಜಿನ ಅಂಚು ಹಿಡಿದು ತಾವೇ ಕೂತುಬಿಟ್ಟರು. ಬಹಳ ಹೊತ್ತಿನ ಮೇಲೆ ಹದಿನಾಲ್ಕರ ಬೀಗದ ಕೈ ಕೊಟ್ಟು, “ಮೊದಲು ಮಲಗಿ” ಅಂದರು. ಸಾವಿನ ಮನೆಯ ಮೂರು ತಿಂಗಳಲ್ಲಿ ನಾನು ನಿದ್ದೆ ಕಂಡಿರಲಿಲ್ಲ. ಅಪ್ಪಯ್ಯನ ಮಂಚದ ಮೇಲೆ, ಬಿಸಿಲಿನ ವಾಸನೆಯ ಆ ಚಾದರದ ಕೆಳಗೆ, ಮಧ್ಯಾಹ್ನ ಎರಡರವರೆಗೆ ಮಲಗಿದೆ. ಯಾರೂ ಬಾಗಿಲು ತಟ್ಟಲಿಲ್ಲ. ಎದ್ದಾಗ ಬಿಸಿನೀರಿನ ಬಕೆಟ್ ಹೊರಗಿತ್ತು. ಮುಟ್ಟಿದರೆ ಬಿಸಿಯಾಗಿಯೇ ಇತ್ತು. ನಾನು ಏಳುವ ತನಕ ಎಷ್ಟು ಸಲ ನೀರು ಬದಲಿಸಿದರೋ.

ಲಾಡ್ಜ್ ಮುಚ್ಚಿದ್ದು 2004ರಲ್ಲಿ. ಮಾಲೀಕರ ಮಕ್ಕಳು ಪಾಲಾದರು, ಕಟ್ಟಡ ಕೆಡವಿದರು, ಅಲ್ಲಿ ಅಂಗಡಿಗಳ ಸಾಲು ಎದ್ದಿತು. ಕೆಡವುವ ಮುಂಚೆ ನನಗೆ ಗೊತ್ತಾಗಿದ್ದರೆ ಆ ಕುರ್ಚಿಯೊಂದನ್ನು ಕೇಳಿ ತರುತ್ತಿದ್ದೆ. ಗೊತ್ತಾಗಲಿಲ್ಲ. ಈಗ ಬೆಂಗಳೂರಿಗೆ ಹೋದರೆ ಮೆಜೆಸ್ಟಿಕ್ಕಿನಲ್ಲಿ ಇಳಿದು ಮೆಟ್ರೊ ಹತ್ತಿ ಕೆಲಸದ ಕಡೆ ಹೋಗುತ್ತೇನೆ. ಉಳಿಯುವ ಜಾಗಗಳಲ್ಲಿ ಹುಡುಗ ಹುಡುಗಿಯರು ನಗುನಗುತ್ತಲೇ ಮಾತಾಡಿಸುತ್ತಾರೆ, ಆಧಾರ್ ಕಾರ್ಡಿನ ನಕಲು ತೆಗೆದುಕೊಳ್ಳುತ್ತಾರೆ, ಕೆಲಸ ಅಚ್ಚುಕಟ್ಟು. ಅವರ ಮೇಲೆ ನನಗೆ ದೂರಿಲ್ಲ. ಆದರೂ ಪ್ರತಿ ಸಲ ಬಾಗಿಲಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ, ಯಾರಾದರೂ ಕೂರಿ ಅಂದಾರು ಎಂದು.

ಮ್ಯಾನೇಜರು ಕುಂದಾಪುರದ ಹತ್ತಿರದ ತಮ್ಮ ಊರಿಗೆ ವಾಪಸ್ಸಾದರು. ಗದ್ದೆ ಇಲ್ಲದ ಮನೆ, ಅಂಗಳ ಮಾತ್ರ ದೊಡ್ಡದು. ಆಮೇಲೆ ಅಕ್ಕಿ ಬೆಂಗಳೂರಿನ ಬಸ್ಸು ಹತ್ತುವುದು ಬಿಟ್ಟು, ಹುಲಿಕಲ್ ಘಾಟಿ ಇಳಿದು ಅಲ್ಲಿಗೆ ಹೋಗತೊಡಗಿತು. ಕೊನೆಯ ಮೂಟೆ ಕೊಟ್ಟು ಬಂದದ್ದು 2011ರ ಜನವರಿಯಲ್ಲಿ.