ನಿಂತ ಕಾರಿಗೆ ಮತ್ತೆ ದಾರಿ

ನಿಂತ ಗಡಿಯಾರಕ್ಕೆ ಕೀಲಿ ಕೊಟ್ಟರೆ ನಡೆಯುತ್ತದೆ. ನಿಂತ ರಾಟೆಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ತಿರುಗುತ್ತದೆ. ನಿಂತ ಮೋಟಾರು ಕಾರಿನ ಸಂಗತಿ ಹಾಗಲ್ಲ. ಅದು ಏಕಕಾಲಕ್ಕೆ ಎರಡು ಕಡೆ ನಿಂತಿರುತ್ತದೆ: ಮನೆಯ ಶೆಡ್ಡಿನಲ್ಲಿ ಒಮ್ಮೆ, ಸರ್ಕಾರದ ಕಡತದಲ್ಲಿ ಇನ್ನೊಮ್ಮೆ. ಶೆಡ್ಡಿನಲ್ಲಿ ನಿಂತದ್ದನ್ನು ಒಳ್ಳೆಯ ಮೇಸ್ತ್ರಿಯೊಬ್ಬ ಎಬ್ಬಿಸಿಯಾನು. ಕಡತದಲ್ಲಿ ನಿಂತದ್ದನ್ನು ಎಬ್ಬಿಸಬೇಕಾದರೆ ಸ್ಪ್ಯಾನರು ಸಾಲದು, ತಾಳ್ಮೆ ಬೇಕು.

ಮೈಸೂರಿನ ಹಳೆಯ ಬಡಾವಣೆಯೊಂದರಲ್ಲಿ ಇಂಥ ಕಾರೊಂದಿತ್ತು. 1992ರ ಪ್ರೀಮಿಯರ್ ಪದ್ಮಿನಿ. ಮುಂಬಯಿಯ ಕುರ್ಲಾದಲ್ಲಿ ಹುಟ್ಟಿದ್ದು. ಸಾವಿರದ ಎಂಬತ್ತೊಂಬತ್ತು ಸಿ.ಸಿ.ಯ ಎಂಜಿನ್, ಸ್ಟೀರಿಂಗಿನ ಬಗಲಲ್ಲೇ ಗೇರು, ಮುಂದೆ ಒಂದೇ ಉದ್ದದ ಸೀಟು. ಮನೆಯ ಯಜಮಾನರು ಬ್ಯಾಂಕಿನ ಸಾಲದಲ್ಲಿ ಕೊಂಡು, ಮಗುವನ್ನು ಸಾಕಿದಂತೆ ಸಾಕಿ, 2015ರಲ್ಲಿ ತೀರಿಕೊಂಡರು. ಅವರೊಡನೆ ಕಾರೂ ನಿಂತಿತು. ಖಾಸಗಿ ವಾಹನದ ನೋಂದಣಿಗೆ ಮೊದಲು ಹದಿನೈದು ವರ್ಷ, ಆಮೇಲೆ ಪ್ರತಿ ನವೀಕರಣಕ್ಕೆ ಐದೈದು ವರ್ಷ ಆಯುಸ್ಸು ಎಂಬುದು 1988ರ ಮೋಟಾರು ವಾಹನ ಕಾಯಿದೆಯ ಲೆಕ್ಕ. ಆ ಲೆಕ್ಕದಂತೆ 2017ರಲ್ಲಿ ನೋಂದಣಿಯೂ ಮುಗಿಯಿತು. ಶೆಡ್ಡಿನ ಬಾಗಿಲಿಗೆ ಬೀಗ ಬಿತ್ತು. ಕಾರಿನ ಮೇಲೆ ಹಳೆಯ ಹಾಸಿಗೆ ಹೊದಿಕೆ ಬಿತ್ತು.

ಆರು ವರ್ಷಗಳ ಮೇಲೆ, 2023ರಲ್ಲಿ, ಮನೆಯಾಕೆ ಅದನ್ನು ಮತ್ತೆ ರಸ್ತೆಗೆ ತರಬೇಕೆಂದು ನಿಶ್ಚಯಿಸಿದರು. ನಿವೃತ್ತ ಶಾಲಾ ಶಿಕ್ಷಕಿ, ಅರವತ್ತು ದಾಟಿದವರು. ಬೆಂಗಳೂರಿನಲ್ಲಿದ್ದ ಮಗ ಫೋನಿನಲ್ಲಿ, “ಅಮ್ಮ, ಅದನ್ನು ಗುಜರಿಗೆ ಕೊಟ್ಟುಬಿಡೋಣ. ಬೇಕಾದಾಗ ಟ್ಯಾಕ್ಸಿ ತರಿಸಿಕೊಂಡರಾಯಿತು” ಎಂದ. ಮಾತು ವಿವೇಕದ್ದೇ. ಆದರೆ ಆಕೆಯ ತಮ್ಮನಿಗೆ ಬಲಗಾಲು ಮಡಿಸಲು ಬಾರದು. ಆಟೋದಲ್ಲಿ ಆ ಕಾಲಿಗೆ ಎಡೆಯಿಲ್ಲ. ಹೊಸ ಕಾರುಗಳಲ್ಲಿ ಎರಡು ಸೀಟುಗಳ ನಡುವಿನ ದಿಂಡು ಅಡ್ಡ ಬರುತ್ತದೆ. ಪದ್ಮಿನಿಯ ಮುಂದಿನ ಉದ್ದ ಸೀಟಿನಲ್ಲಿ ಮಾತ್ರ ಆತ ಓರೆಯಾಗಿ, ನಿರಾಳವಾಗಿ ಕೂರಬಲ್ಲ. ವಾರಕ್ಕೊಮ್ಮೆ ಆಸ್ಪತ್ರೆಗೆ ಹೋಗಬೇಕಾದವನಿಗೆ ಇದು ಸಣ್ಣ ಸಂಗತಿಯಲ್ಲ. ಪದ್ಮಿನಿಯನ್ನು ಓಡಿಸುವುದನ್ನು ಯಜಮಾನರೇ ಆಕೆಗೆ ಕಲಿಸಿದ್ದರು. ಕಾರಿನ ಕಾಗದಗಳೆಲ್ಲ ಸತ್ತಿದ್ದರೂ ಆಕೆಯ ಚಾಲನಾ ಪರವಾನಗಿ ಮಾತ್ರ ಜೀವಂತವಾಗಿತ್ತು.

ಮೊದಲ ಸರದಿ ಮೇಸ್ತ್ರಿಯದು. ಹೊದಿಕೆ ತೆಗೆದರೆ, ಇಲಿಗಳು ವೈರುಗಳನ್ನು ಕಡಿದು ಸಂಸಾರ ಹೂಡಿದ್ದವು. ಬ್ಯಾಟರಿ ಸತ್ತಿತ್ತು, ಟಯರುಗಳು ನಿಂತಲ್ಲೇ ಚಪ್ಪಟೆಯಾಗಿ ಬಿರುಕು ಬಿಟ್ಟಿದ್ದವು. ಅನುಭವಿಯಾದ ಮೇಸ್ತ್ರಿ ಕೂಡಲೇ ಕೀಲಿ ತಿರುಗಿಸಲಿಲ್ಲ. ಪ್ಲಗ್ಗುಗಳನ್ನು ಬಿಚ್ಚಿ, ನಾಲ್ಕೂ ಸಿಲಿಂಡರುಗಳಿಗೆ ಎಣ್ಣೆ ಹನಿಸಿ, ಎರಡು ದಿನ ಬಿಟ್ಟು, ಎಂಜಿನ್ನನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸಿದ. ತುಕ್ಕು ಹಿಡಿದ ಪಿಸ್ಟನ್ನುಗಳನ್ನು ಬಲವಂತವಾಗಿ ಎಬ್ಬಿಸಿದರೆ ಉಂಗುರಗಳು ಮುರಿಯುತ್ತವೆ. ಟ್ಯಾಂಕಿನ ತಳದಲ್ಲಿ ಹಳೆಯ ಪೆಟ್ರೋಲು ಅಂಟಾಗಿ ಕೂತಿತ್ತು. ಈಗಿನ ಪೆಟ್ರೋಲಿನಲ್ಲಿ ಬೆರೆತಿರುವ ಎಥನಾಲಿಗೆ ಹಳೆಯ ರಬ್ಬರು ತಡೆಯದಾದ್ದರಿಂದ ಕೊಳವೆಗಳನ್ನೆಲ್ಲ ಬದಲಿಸಬೇಕಾಯಿತು. ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಬ್ರೇಕು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತರೆ ಆ ತೇವವೇ ಒಳಗಿನಿಂದ ತುಕ್ಕಾಗುತ್ತದೆ. ನಾಲ್ಕು ಚಕ್ರಗಳ ಸಿಲಿಂಡರುಗಳೂ ಹೊಸದಾಗಬೇಕಾಯಿತು.

ಮೂರು ವಾರಗಳ ಮೇಲೆ ಒಂದು ಸಂಜೆ ಕಾರು ಕೆಮ್ಮಿ, ಹೊಗೆಯುಗುಳಿ, ಉಸಿರಾಡಿತು. ಬೀದಿಯ ಮಕ್ಕಳೆಲ್ಲ ಕೂಡಿದರು. ಮೇಸ್ತ್ರಿ ಕೈಯೊರೆಸಿಕೊಳ್ಳುತ್ತ ಹೇಳಿದ: “ಅಮ್ಮಾವ್ರೆ, ಸಾರಿಗೆ ಕಛೇರಿ ಎಷ್ಟು ದೂರ? ಎರಡು ಮೈಲಿ. ಬೆಳಗಿನ ಜಾವ ಐದಕ್ಕೆ ಹೊರಟರೆ ಒಬ್ಬ ಪೋಲೀಸಿನವರೂ ಇರೋದಿಲ್ಲ. ನಾನೇ ಓಡಿಸಿಕೊಂಡು ಹೋಗಿ ಗೇಟಿನ ಮುಂದೆ ನಿಲ್ಲಿಸ್ತೀನಿ.”

ಲೋಕಾನುಭವದ ಮಾತು. ಎಷ್ಟೋ ಜನ ಹೀಗೆಯೇ ಮಾಡುತ್ತಾರೆ. ನೋಂದಣಿಯಿಲ್ಲದೆ ಓಡಿಸಿ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ ಐದು ಸಾವಿರ ರೂಪಾಯಿಯವರೆಗೆ ದಂಡ. ವಿಮೆಯಿಲ್ಲದಿದ್ದರೆ ಎರಡು ಸಾವಿರ ದಂಡ, ಇಲ್ಲವೆ ಮೂರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಸಿಕ್ಕಿಬೀಳದಿದ್ದರೆ ಏನೂ ಇಲ್ಲ.

ಮನೆಯಾಕೆ ಒಪ್ಪಲಿಲ್ಲ. ದಂಡದ ಭಯದಿಂದಲ್ಲ. 1998ರಲ್ಲಿ ಆಕೆಯ ತಮ್ಮ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಗುದ್ದಿದ ಕಾರು ಕೂಡ ಯಾರೋ “ಇಲ್ಲೇ ಪಕ್ಕಕ್ಕೆ” ಎಂದು ಹೊರತೆಗೆದದ್ದೇ. ಅದರ ವಿಮೆ ಮುಗಿದು ನಾಲ್ಕು ತಿಂಗಳಾಗಿತ್ತು. ನ್ಯಾಯಮಂಡಳಿ ಪರಿಹಾರವನ್ನೇನೋ ವಿಧಿಸಿತು. ಆದರೆ ಕೊಡಬೇಕಾದವನು ವಿಮಾ ಕಂಪನಿಯಲ್ಲ, ಕಾರಿನ ಒಡೆಯ; ಅವನಲ್ಲಿ ಕೊಡುವುದಕ್ಕೇನೂ ಇರಲಿಲ್ಲ. ತೀರ್ಪಿನ ಪ್ರತಿ ಇಂದಿಗೂ ತಮ್ಮನ ಟ್ರಂಕಿನಲ್ಲಿದೆ. ಕಾಲೂ ಹಾಗೆಯೇ ಇದೆ. ಮೂರನೆಯವರ ವಿಮೆ ಎಂಬ ಮಾತಿನಲ್ಲಿ ಆ “ಮೂರನೆಯವರು” ಯಾರೆಂದು ಓದುಗರು ಕೇಳಿದರೆ, ಆ ಮನೆಯಲ್ಲಿ ಅವರಿಗೊಂದು ಮುಖವಿತ್ತು.

“ಅದರ ಕಾಗದ ಆಗುವವರೆಗೆ ಅದು ಬೀದಿಗೆ ತನ್ನ ಚಕ್ರದ ಮೇಲೆ ಇಳಿಯಬಾರದು” ಎಂದು ಆಕೆ ಹೇಳಿದರು. ಮೇಸ್ತ್ರಿ ಮರುಮಾತಾಡಲಿಲ್ಲ.

ಇನ್ನು ಕಡತದ ಸರದಿ. ಹಳೆಯ ನೋಂದಣಿ ಪುಸ್ತಕದ ವಿವರಗಳು ಗಣಕಯಂತ್ರಕ್ಕೆ ಏರಿರಲಿಲ್ಲ; ಮೊದಲು ಅವನ್ನು ಏರಿಸಬೇಕಾಯಿತು. ಕಾರು ತೀರಿಕೊಂಡವರ ಹೆಸರಿನಲ್ಲಿತ್ತು. ಮರಣ ಪತ್ರ, ನಾಡಕಚೇರಿಯ ವಂಶವೃಕ್ಷ, ಮಗನ ಒಪ್ಪಿಗೆ ಪತ್ರ, ಇವುಗಳೊಡನೆ 31ನೆಯ ನಮೂನೆ ಹೋಯಿತು. ಪುಸ್ತಕದ ಕೊನೆಯ ಪುಟದಲ್ಲಿ ಬ್ಯಾಂಕಿನ ಸಾಲದ ಮುದ್ರೆ ಇನ್ನೂ ಇತ್ತು! ಯಜಮಾನರು 1997ರಲ್ಲೇ ಸಾಲ ತೀರಿಸಿ ಸಿಹಿ ಹಂಚಿದ್ದರು. ಅಡಮಾನವನ್ನು ಪುಸ್ತಕದಿಂದ ತೆಗೆಸುವ 35ನೆಯ ನಮೂನೆಯ ಯೋಚನೆ ಸಿಹಿಯ ಸಂಭ್ರಮದಲ್ಲಿ ಬಂದಿರಲಿಲ್ಲ. ಸಾಲ ತೀರಿಸುವುದು ಬೇರೆ, ತೀರಿದೆಯೆಂದು ಬರೆಸುವುದು ಬೇರೆ. ಕಾರಿಟ್ಟುಕೊಂಡವರೆಲ್ಲ ಈ ಒಂದು ಪುಟವನ್ನು ಇಂದೇ ತೆರೆದು ನೋಡುವುದು ಕ್ಷೇಮ.

ಮುಂದಿನದು ಒಂದು ಒಗಟು. ನೋಂದಣಿ ನವೀಕರಿಸಲು ವಿಮೆ ಬೇಕು. ವಿಮೆಗೆ ಆಗ ಹೊಗೆ ಪರೀಕ್ಷೆಯ ಪತ್ರ ಬೇಕಿತ್ತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಹಾಗೆಂದಿತ್ತು. ಹೊಗೆ ಪರೀಕ್ಷೆಗೆ ಕಾರು ಪೆಟ್ರೋಲ್ ಬಂಕಿಗೆ ಹೋಗಬೇಕು. ಹೋಗಲು ನೋಂದಣಿ ಬೇಕು. ಒಗಟನ್ನು ಬಿಡಿಸಿದ್ದು ಎಮಿಷನ್ ಟೆಸ್ಟಿನ ವ್ಯಾನು. ಬಂಕಿನ ಬದಿಯಲ್ಲಿ ನಿಲ್ಲುವ ಆ ವ್ಯಾನಿನವನನ್ನು ಮನೆಯ ಬಾಗಿಲಿಗೇ ಕರೆಸಿದರು. ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ನೂರಕ್ಕೆ ಮೂರನ್ನು ಮೀರಬಾರದು. ಮೊದಲ ಸಲ ಮೀರಿತು. ಮೇಸ್ತ್ರಿ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿದ. ಎರಡನೆಯ ಸಲ ತೇರ್ಗಡೆಯಾಯಿತು. ಆ ಪತ್ರವನ್ನೂ ವಾರಸುದಾರಿಕೆಯ ಕಾಗದಗಳನ್ನೂ ನೋಡಿ ವಿಮಾ ಕಂಪನಿ ಪಾಲಿಸಿ ಕೊಟ್ಟಿತು.

ಪರೀಕ್ಷೆಯ ದಿನ ಕಾರು ಲಾರಿಯ ಬೆನ್ನೇರಿ ಸಾರಿಗೆ ಕಛೇರಿಗೆ ಹೋಯಿತು. ಮೇಸ್ತ್ರಿಗೆ ನಾಚಿಕೆ; ಮನೆಯಾಕೆಗೆ ಇಲ್ಲ. ಜನರು ಬ್ರೇಕ್ ಇನ್ಸ್‌ಪೆಕ್ಟರ್ ಎಂದು ಕರೆಯುವ ಅಧಿಕಾರಿ ಬಂದು ದೀಪ, ಹಾರ್ನು, ವೈಪರುಗಳನ್ನು ನೋಡಿದರು. ಚಾಸಿಯ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಸಿ, ಪುಸ್ತಕದೊಡನೆ ಹೋಲಿಸಿದರು. ಆಮೇಲೆ ತಾವೇ ಕೂತು ಆವರಣದಲ್ಲಿ ಓಡಿಸಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿದರು. ಮೂವತ್ತೊಂದು ವರ್ಷದ ಕಾರು ನೇರವಾಗಿ, ಓಲಾಡದೆ ನಿಂತಿತು. ಓಡುವುದಕ್ಕಿಂತ ನಿಲ್ಲುವುದೇ ಕಾರಿನ ದೊಡ್ಡ ವಿದ್ಯೆ. ಆ ವಿದ್ಯೆಯಲ್ಲಿ ಅದಕ್ಕೆ ಪೂರ್ಣಾಂಕ ದೊರೆಯಿತು.

ನವೀಕರಣದ ಶುಲ್ಕ, 2022ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ, ಐದು ಸಾವಿರ ರೂಪಾಯಿ. ತಡವಾದ ತಿಂಗಳುಗಳಿಗೆ ತಿಂಗಳಿಗೈನೂರರ ದಂಡಶುಲ್ಕ ಬೇರೆ, ಹಸಿರು ತೆರಿಗೆ ಬೇರೆ. ಬಂದ ರಸೀತಿಗಳನ್ನೆಲ್ಲ ಆಕೆ, ಒಂದು ಕಾಲದಲ್ಲಿ ಹಾಜರಿ ಪುಸ್ತಕ ಬರೆಯುತ್ತಿದ್ದ ಅಚ್ಚುಕಟ್ಟಿನಿಂದ, ದಾರ ಪೋಣಿಸಿ ಕಟ್ಟಿಟ್ಟರು. ಗುಜರಿಗೆ ಕೊಡೋಣವೆಂದಿದ್ದ ಮಗ ಭದ್ರತಾ ಸಂಖ್ಯಾಫಲಕಗಳಿಗೆ ಹಣ ಕಟ್ಟಿ, ಅವನ್ನು ಹಾಕಿಸಲು ತಾನೇ ರಜೆ ಹಾಕಿ ಬಂದ.

ಆ ವಾರದ ಆಸ್ಪತ್ರೆಗೆ ತಮ್ಮ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತು ಹೋದ. ದಾರಿಯಲ್ಲಿ ಪೋಲೀಸಿನವರು ಕೈ ತೋರಿ ಕಾರನ್ನು ನಿಲ್ಲಿಸಿದರು. ಆಕೆ ಕಾಗದಗಳನ್ನು ಒಂದೊಂದಾಗಿ ಕೊಟ್ಟರು. ಅವರು ಎಲ್ಲವನ್ನೂ ನೋಡಿ ಮರಳಿಸಿದರು. ಅಕ್ಕ ಗೇರು ಹಾಕುವಾಗ ತಮ್ಮ ಕೇಳಿದ್ದು ಒಂದೇ ಮಾತು: “ಅಕ್ಕ, ವಿಮೆ ಯಾವತ್ತಿನವರೆಗೆ ಇದೆ?”

ಇಪ್ಪತ್ತು ವರ್ಷ ದಾಟಿದ ಕಾರುಗಳ ನವೀಕರಣ ಶುಲ್ಕವನ್ನು 2025ರ ಆಗಸ್ಟಿನಲ್ಲಿ ಹತ್ತು ಸಾವಿರಕ್ಕೆ ಏರಿಸಲಾಯಿತು. ಸುದ್ದಿ ಓದಿದ ಆಕೆ ಸರ್ಕಾರವನ್ನು ಬೈಯಲಿಲ್ಲ. ಅಡುಗೆಮನೆಯ ಮೇಲ್ಗೂಡಿನಲ್ಲಿ ಒಂದು ಡಬ್ಬಿಯಿಟ್ಟು, ತಿಂಗಳಿಗೆ ಮುನ್ನೂರು ರೂಪಾಯಿ ಹಾಕತೊಡಗಿದ್ದಾರೆ.