ಗಾಡಿ ಎಷ್ಟು ಕೊಡುತ್ತೆ?

ಆನವಟ್ಟಿಯ ನಮ್ಮ ಮನೆ ಮುಂದೆ ನಿಂತಿರೋ ಡೀಸೆಲ್ ಸ್ಕಾರ್ಪಿಯೋ ನೋಡಿದವರೆಲ್ಲ ಕೇಳೋದು ಒಂದೇ... "ಎಷ್ಟು ಕೊಡುತ್ತೆ?"

ನಾನು ಟ್ಯಾಂಕ್ ಫುಲ್ ಮಾಡಿಸಿ ಮೀಟರ್ ಬರ್ಕೋತೀನಿ. ಮುಂದಿನ ಸಲ ಫುಲ್ ಮಾಡಿಸಿದಾಗ ಓಡಿದ ಕಿಲೋಮೀಟರನ್ನ ಹಾಕಿಸಿದ ಲೀಟರಿನಿಂದ ಭಾಗಿಸ್ತೀನಿ. ಶಿರಾಳಕೊಪ್ಪ, ಶಿಕಾರಿಪುರದ ಮೇಲೆ ಶಿವಮೊಗ್ಗಕ್ಕೆ ಹೋಗಿಬಂದ್ರೆ 13. ಊರೊಳಗೆ, ತೋಟಕ್ಕೆ ಅಂತ ಓಡಾಡಿದ್ರೆ 10. ವರ್ಷದ ಸರಾಸರಿ 12. 2025ರ ಏಪ್ರಿಲ್‌ನಲ್ಲಿ ರಾಜ್ಯದ ಮಾರಾಟ ತೆರಿಗೆ ಏರಿ ಡೀಸೆಲ್ ಮತ್ತೆ 90 ರೂಪಾಯಿ ದಾಟಿತಲ್ಲ, ಆಮೇಲೆ ಕಿಲೋಮೀಟರಿಗೆ ಏಳೂವರೆಗಿಂತ ಸ್ವಲ್ಪ ಜಾಸ್ತಿ.

ಯಾರೂ ಕೇಳದ ಲೆಕ್ಕ ಇನ್ನೊಂದಿದೆ. ವಿಮೆ, ಸರ್ವಿಸ್, ಟೈರಿನ ಸವೆತ ಸೇರಿ ವರ್ಷಕ್ಕೆ 56 ಸಾವಿರ. ನಾವು ಓಡಿಸೋದೇ 8 ಸಾವಿರ ಕಿಲೋಮೀಟರ್. ಅಂದ್ರೆ ಅಲ್ಲೇ ಇನ್ನೂ 7 ರೂಪಾಯಿ! ಗಾಡಿ ಕಮ್ಮಿ ಓಡಿದಷ್ಟೂ ಇದು ಏರುತ್ತೆ, ವಿಮೆ ಕಂತು ಮಾತ್ರ ಇಳಿಯಲ್ಲ.

ಮಾರಿಬಿಡೋಣ ಅಂತ ತಮ್ಮ ಹಠ ಹಿಡಿದಿದ್ದಾನೆ. ಲೆಕ್ಕ ಅವನದ್ದೇ ಸರಿ. ಆದ್ರೆ ಹೋದ ಮಳೆಗಾಲದಲ್ಲಿ ರಾತ್ರಿ ಎರಡು ಗಂಟೆಗೆ ಅಪ್ಪನಿಗೆ ಎದೆನೋವು ಬಂದಾಗ ಬಸ್ಸೂ ಇರಲಿಲ್ಲ, ಬಾಡಿಗೆ ಕಾರೂ ಸಿಗಲಿಲ್ಲ. ಶಿವಮೊಗ್ಗ ತಲುಪಿಸಿದ್ದು ಇದೇ ಗಾಡಿ. ಸದ್ಯಕ್ಕೆ ಇರಲಿ ಅಂದಿದ್ದೀನಿ.

ನೀವಾಗಿದ್ರೆ ಏನ್ ಮಾಡ್ತಿದ್ರಿ?